ಎಂಬತ್ತು ವರ್ಷ ಬಾಯಿ ತೆರೆಯದ ಸಿಪಾಯಿ

ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿ, ಸಾಮರ್ಸೆಟ್ ಪ್ರಾಂತದಲ್ಲಿ, ವೆಲ್ಸ್ ಎಂಬ ಪುಟ್ಟ ಊರಿದೆ. ಪುರಾತನವಾದ ಭವ್ಯ ಕೆಥೆಡ್ರಲೊಂದು ಅಲ್ಲಿರುವುದರಿಂದ ಊರು ಚಿಕ್ಕದಾದರೂ ಅದಕ್ಕೆ ನಗರವೆಂಬ ಗೌರವ ಸಲ್ಲುತ್ತದೆ. ಆ ಊರಿನ ವೃದ್ಧಾಶ್ರಮವೊಂದರಲ್ಲಿ ನೂರು ವರ್ಷದ ಮುದುಕರೊಬ್ಬರು ವಾಸವಾಗಿದ್ದರು. ಅವರ ಕೋಣೆಯ ಎದುರಿಗೆ ಹೊದಿಕೆ ಹಚ್ಚಡಗಳನ್ನು ಜೋಡಿಸಿಡುವ ಸಣ್ಣದೊಂದು ಕೊಠಡಿ. ರಾತ್ರಿಯ ಹೊತ್ತು ಯಾರಾದರೂ ಆ ಕೊಠಡಿಯ ದೀಪ ಹಾಕಿದರೆ ಅದರ ಬೆಳಕು ಛಕ್ಕನೆ ಈ ಕೋಣೆಯೊಳಕ್ಕೆ ಬೀಳುತ್ತಿತ್ತು. ಅರೆನಿದ್ದೆಯಲ್ಲಿರುತ್ತಿದ್ದ ಮುದುಕರು ಬೆಚ್ಚಿ ಎಚ್ಚರಗೊಳ್ಳುತ್ತಿದ್ದರು. ಅವರ ಪಾಲಿಗೆ ಅದು ಬಟ್ಟೆಯ ಕೊಠಡಿಯ ದೀಪವಾಗಿರಲಿಲ್ಲ. ೧೯೧೭ನೆಯ ಇಸವಿ ಸೆಪ್ಟೆಂಬರ್ ೨೨ರ ರಾತ್ರಿ ಹತ್ತೂವರೆ ಗಂಟೆಗೆ ತಲೆಯ ಮೇಲೆ ಸಿಡಿದ ಫಿರಂಗಿ ಗುಂಡಿನ ಬೆಳಕಾಗಿತ್ತು.

ಈ ಮುದುಕರ ಹೆಸರು ಹ್ಯಾರಿ ಪ್ಯಾಚ್. ೧೮೯೮ರ ಜೂನ್ ೧೭ರಂದು ಹುಟ್ಟಿ ೨೦೦೯ರ ಜುಲೈ ೨೫ರಂದು, ತಮ್ಮ ನೂರ ಹನ್ನೊಂದನೆಯ ವಯಸ್ಸಿನಲ್ಲಿ, ಕಾಲವಾದರು. ಮೊದಲನೆಯ ಮಹಾಯುದ್ಧದಲ್ಲಿ ಕಂದಕಗಳಲ್ಲಿ ನಿಂತು ಹೋರಾಡಿದ ಲಕ್ಷೋಪಲಕ್ಷ ಜನರಲ್ಲಿ, ಯಾವ ದೇಶದವರೆಂದು ನೋಡದೆ ಲೆಕ್ಕಹಾಕಿದರೂ, ಕಟ್ಟಕಡೆಗೆ ಉಳಿದವರು ಇವರೊಬ್ಬರೇ. ಈ ಹಿರಿಮೆಯನ್ನು ಅವರು ಬಯಸಿ ಪಡೆದವರಲ್ಲ. ಅವರು ವೀರಪದಕ ಗೆದ್ದವರಲ್ಲ, ಸೇನಾನಿಯಲ್ಲ, ಸ್ವಂತ ಇಚ್ಛೆಯಿಂದ ಸೈನ್ಯ ಸೇರಿದವರೂ ಅಲ್ಲ. ಕೊಳಾಯಿ ಕೆಲಸ ಅವರ ವೃತ್ತಿ. ರಣರಂಗದಲ್ಲಿ ಕಳೆದದ್ದು ಕೆಲವೇ ತಿಂಗಳು. ಆದರೆ ಆ ಕೆಲವು ತಿಂಗಳ ವಿಷಯವಾಗಿ ಅವರು ಎಂಬತ್ತು ವರ್ಷಗಳ ಕಾಲ ಒಬ್ಬರೊಡನೆಯೂ ಮಾತನಾಡಲಿಲ್ಲ. ಐವತ್ತೇಳು ವರ್ಷ ಸಂಸಾರ ಮಾಡಿದ ಹೆಂಡತಿಗೂ ಹೇಳಲಿಲ್ಲ. ಹೆತ್ತ ಇಬ್ಬರು ಗಂಡುಮಕ್ಕಳಿಗೂ ಹೇಳಲಿಲ್ಲ.

ಬಾತ್ ನಗರದ ಅಂಚಿನಲ್ಲಿರುವ ಕೂಮ್ ಡೌನ್ ಎಂಬ ಹಳ್ಳಿ ಪ್ಯಾಚ್ ಅವರ ಹುಟ್ಟೂರು. ಜೇನಿನ ಬಣ್ಣದ ಕಲ್ಲಿಗೆ ಹೆಸರಾದ ಊರದು. ಬಾತ್ ನಗರದ ಸುಂದರವಾದ ಮನೆಗಳೆಲ್ಲ ಆ ಕಲ್ಲಿನಿಂದಲೇ ಎದ್ದವು. ಹ್ಯಾರಿಯ ತಂದೆ ಕಲ್ಲುಕುಟಿಗರ ಮೇಸ್ತ್ರಿ. ಮನೆಯಲ್ಲಿ ಗಂಡುಮಕ್ಕಳು ಮೂವರು, ಹ್ಯಾರಿ ಕಿರಿಯವನು. ಹದಿನೈದು ತುಂಬುವಷ್ಟರಲ್ಲಿ ಶಾಲೆ ಬಿಟ್ಟು ಬಾತ್ ನಗರದಲ್ಲಿ ಕೊಳಾಯಿ ಕೆಲಸ ಕಲಿಯಲು ಸೇರಿದನು. ಮರುವರ್ಷವೇ ಯುದ್ಧ ಹತ್ತಿತು. ಊರೂರುಗಳಲ್ಲಿ ತರುಣರು ಹಾಡಿಕೊಂಡು, ಸಾಲುಗಟ್ಟಿ ನಿಂತು, ವಯಸ್ಸನ್ನು ಸುಳ್ಳು ಹೇಳಿ ಸೈನ್ಯಕ್ಕೆ ಸೇರಿದ ಕಾಲವದು. ಹ್ಯಾರಿಗೆ ಅಂತಹ ಉತ್ಸಾಹವೇನೂ ಬರಲಿಲ್ಲ. ಕಾರಣ ಮನೆಯಲ್ಲಿಯೇ ಇತ್ತು. ಅಣ್ಣನೊಬ್ಬನು ಮೊದಲೇ ಸೈನ್ಯದಲ್ಲಿದ್ದು, ೧೯೧೪ರಲ್ಲಿ ಮಾನ್ಸ್ ಎಂಬಲ್ಲಿ ಗಾಯಗೊಂಡು ಮರಳಿದ್ದನು. ಕೆಸರು, ಇಲಿ, ಹೇನು, ಸಾವು ಇವುಗಳ ವೃತ್ತಾಂತವನ್ನು ಅವನು ತಮ್ಮನಿಗೆ ಮುಚ್ಚಿಡದೆ ಹೇಳಿದ್ದನು. ಕೇಳಿದ ತಮ್ಮನಿಗೆ ಹೋಗುವ ಆಸೆಯೇ ಇರಲಿಲ್ಲ. ಆದರೆ ೧೯೧೬ರಲ್ಲಿ ಕಡ್ಡಾಯ ಸೈನ್ಯಸೇವೆಯ ಕಾನೂನು ಬಂದಿತು. ಜೂನ್ ತಿಂಗಳಲ್ಲಿ ಹ್ಯಾರಿಗೆ ಹದಿನೆಂಟು ತುಂಬಿತು. ಅಕ್ಟೋಬರ್ ತಿಂಗಳಲ್ಲಿ ಕರೆ ಬಂದಿತು.

ಆ ಚಳಿಗಾಲವೆಲ್ಲ ಕವಾಯತಿನಲ್ಲಿ ಕಳೆಯಿತು. ಯಾರೋ ತನ್ನ ಬೂಟುಗಳನ್ನು ಕದ್ದರೆಂದು ಹೊಡೆದಾಡಿ, ತೋಳಿನ ಮೇಲೆ ಬಂದಿದ್ದ ಒಂದು ಪಟ್ಟಿಯನ್ನೂ ಹ್ಯಾರಿ ಕಳೆದುಕೊಂಡನು. ೧೯೧೭ರ ಜೂನ್ ತಿಂಗಳಲ್ಲಿ, ಹತ್ತೊಂಬತ್ತು ತುಂಬುವ ಹೊತ್ತಿಗೆ, ಫ್ರಾನ್ಸ್ ದೇಶದ ನೆಲಕ್ಕೆ ಕಾಲಿಟ್ಟನು. ಡ್ಯೂಕ್ ಆಫ್ ಕಾರ್ನ್‌ವಾಲರ ಲೈಟ್ ಇನ್‌ಫಂಟ್ರಿ ಎಂಬ ದಳದ ಏಳನೆಯ ಪಟಾಲಮಿನಲ್ಲಿ ಅವನಿಗೆ ಲೂಯಿಸ್ ಗನ್ ತಂಡದ ಕೆಲಸ ಕೊಟ್ಟರು.

ಲೂಯಿಸ್ ಗನ್ ಎಂದರೆ ಮನುಷ್ಯನೊಬ್ಬ ಹೊತ್ತು ಓಡಬಹುದಾದ ಯಂತ್ರಬಂದೂಕು. ಮೇಲೆ ತಟ್ಟೆಯಂತಹ ಗುಂಡಿನ ಡಬ್ಬಿ. ಒಂದು ಡಬ್ಬಿಯಲ್ಲಿ ೪೭ ಗುಂಡುಗಳು. ಅದನ್ನು ನಡೆಸಲು ಐವರು ಬೇಕು. ಮೊದಲನೆಯವನು ಗುಂಡು ಹಾರಿಸುವವನು. ಎರಡನೆಯವನು ಅವನ ಪಕ್ಕದಲ್ಲಿ ಮಲಗಿ ಖಾಲಿಯಾದ ಡಬ್ಬಿ ತೆಗೆದು ಹೊಸದನ್ನು ಕೂಡಿಸುವವನು, ಬಂದೂಕು ಕೆಟ್ಟು ನಿಂತರೆ ಬಿಡಿಭಾಗ ಹಾಕಿ ಸರಿಪಡಿಸುವವನು. ಉಳಿದ ಮೂವರು ಗುಂಡು ಹೊತ್ತು ತರುವವರು. ಹ್ಯಾರಿ ಎರಡನೆಯವನು. ಕೊಳವೆ ತಿರುಪುಗಳಲ್ಲಿ ಪಳಗಿದ ಕೈಗೆ ಒಪ್ಪುವ ಕೆಲಸವೇ ಸಿಕ್ಕಿತೆನ್ನಬೇಕು.

ಈ ಐವರ ಬಾಳು ಒಂದೇ ಮನೆಯವರ ಬಾಳಾಯಿತು. ಮನೆಯಿಂದ ಬಂದ ಪೊಟ್ಟಣ ಯಾರ ಹೆಸರಿಗಾದರೂ ಬರಲಿ, ತಿಂಡಿಯೂ ಹೊಗೆಸೊಪ್ಪೂ ಐದು ಪಾಲು. ಇದಕ್ಕಿಂತ ದೊಡ್ಡದಾದ ಇನ್ನೊಂದು ಒಪ್ಪಂದವೂ ಅವರೊಳಗೆ ಇತ್ತು. ಕೈಲಾದಮಟ್ಟಿಗೂ ಯಾರನ್ನೂ ಕೊಲ್ಲಬಾರದು. ಗುಂಡು ಹಾರಿಸಲೇಬೇಕಾದರೆ ಕಾಲಿನ ಮಟ್ಟಕ್ಕೆ ಹಾರಿಸಬೇಕು. ಮೇಲಿನ ಅಧಿಕಾರಿಗಳಿಗೆ ತಿಳಿದರೆ ಏನಾಗುತ್ತಿತ್ತೋ! ಹತ್ತೊಂಬತ್ತು ಇಪ್ಪತ್ತರ ಹುಡುಗರು, ಸುತ್ತಲೂ ಸಾವಿರಾರು ಫಿರಂಗಿಗಳು ಮೊಳಗುತ್ತಿರುವಾಗ, ಕೆಸರಿನ ಹೊಂಡದಲ್ಲಿ ಕುಳಿತು ತಮ್ಮತಮ್ಮಲ್ಲೇ ಮಾಡಿಕೊಂಡ ಕಾಯಿದೆಯದು. ಸಾಮ್ರಾಜ್ಯಗಳ ಕಾಯಿದೆಗಳಿಗಿಂತ ಅದು ನನಗೆ ಹೆಚ್ಚು ಆಶ್ಚರ್ಯಕರವಾಗಿ ಕಾಣುತ್ತದೆ.

ಅವರು ಇದ್ದ ಸ್ಥಳ ಬೆಲ್ಜಿಯಮ್ ದೇಶದ ಈಪರ್ ನಗರದ ಹೊರವಲಯ. ಚರಿತ್ರೆಕಾರರು ಮೂರನೆಯ ಈಪರ್ ಕದನವೆನ್ನುವುದನ್ನು ಜನ ಪ್ಯಾಷನ್‌ಡೇಲ್ ಎಂಬ ಹಳ್ಳಿಯ ಹೆಸರಿನಿಂದ ಕರೆಯುತ್ತಾರೆ. ೧೯೧೭ರ ಜುಲೈ ೩೧ರಂದು ಮೊದಲಾಗಿ ನವೆಂಬರ್ ೧೦ರವರೆಗೆ ನಡೆಯಿತು. ತಗ್ಗಾದ ಜೇಡಿಮಣ್ಣಿನ ನೆಲ. ಸ್ವಲ್ಪ ಅಗೆದರೆ ನೀರು. ರೈತರು ತಲೆತಲಾಂತರದಿಂದ ಕಾಲುವೆ ತೋಡಿ ಆ ನೀರನ್ನು ಹರಿಯಿಸಿ ಬೇಸಾಯ ಮಾಡುತ್ತಿದ್ದರು. ಫಿರಂಗಿಯ ಗುಂಡುಗಳು ಮೊದಲು ಆ ಕಾಲುವೆಗಳನ್ನು ಒಡೆದು ಹಾಕಿದವು. ಅದರ ಮೇಲೆ ಆಗಸ್ಟ್ ತಿಂಗಳ ಮಳೆ ಸುರಿಯಿತು. ಮಲೆನಾಡಿನಲ್ಲಿ ನಾಟಿಗೆ ಹದಮಾಡಿದ ಗದ್ದೆಯನ್ನು ಕಂಡವರು ಆ ಕೆಸರನ್ನು ಸ್ವಲ್ಪಮಟ್ಟಿಗೆ ಊಹಿಸಬಹುದು. ಆದರೆ ಇಲ್ಲಿ ಮೊಳಕಾಲಿನ ಆಳವಲ್ಲ, ಆಳು ಮುಳುಗುವ ಆಳ. ಹಾಸಿದ ಹಲಗೆಯ ದಾರಿಯಿಂದ ಕಾಲು ಜಾರಿ ಗುಂಡಿಗೆ ಬಿದ್ದವನು, ಗಾಯವಿಲ್ಲದಿದ್ದರೂ, ಅಲ್ಲೇ ಮುಳುಗಿ ಸತ್ತದ್ದುಂಟು. ಸತ್ತವರು ಮತ್ತು ಗಾಯಗೊಂಡವರು ಸೇರಿ ಎರಡು ಪಕ್ಷಗಳಲ್ಲಿಯೂ ತಲಾ ಎರಡು ಲಕ್ಷಕ್ಕೆ ಕಡಿಮೆಯಿಲ್ಲವೆಂದು ಲೆಕ್ಕ ಹೇಳುತ್ತದೆ. ಗೆದ್ದ ನೆಲ ಹತ್ತು ಮೈಲಿಯೂ ಇರಲಿಲ್ಲ.

ಆಗಸ್ಟ್ ೧೬ರಂದು ಹ್ಯಾರಿಯ ಪಟಾಲಮು ಸ್ಟೀನ್‌ಬೇಕ್ ಎಂಬ ಹಳ್ಳವನ್ನು ದಾಟಿ ಲಾಂಗಮಾರ್ಕ್ ಹಳ್ಳಿಯತ್ತ ನುಗ್ಗಿತು. ಮುಂದೆ ನುಗ್ಗುವವರು ಬಿದ್ದವರಿಗಾಗಿ ನಿಲ್ಲಬಾರದೆಂದು ಆಜ್ಞೆ. ದಾರಿಯಲ್ಲಿ ತಮ್ಮ ದಳದವನೇ ಆದ ಒಬ್ಬ ಸಿಪಾಯಿ ಬಿದ್ದಿದ್ದನು. ಗುಂಡಿನ ಚೂರು ಅವನ ಮೈಯನ್ನು ಭುಜದಿಂದ ಸೊಂಟದವರೆಗೆ ಸೀಳಿತ್ತು. ತನ್ನನ್ನು ಸುಟ್ಟುಬಿಡಿರೆಂದು ಅವನು ಬೇಡಿಕೊಂಡನು. ಇವರು ಪಿಸ್ತೂಲು ತೆಗೆಯುವಷ್ಟರಲ್ಲಿಯೇ ಅವನ ಪ್ರಾಣ ಹೋಯಿತು. ಹೋಗುವಾಗ ಅವನ ಬಾಯಿಂದ ಬಂದದ್ದು ಒಂದೇ ಮಾತು: ‘ಅಮ್ಮ’. ಅದು ನೋವಿನ ಕೂಗಾಗಿರಲಿಲ್ಲ, ಎದುರಿಗೆ ಬಂದು ನಿಂತವರನ್ನು ಕಂಡು ಸಂತೋಷದಿಂದ ಕರೆದ ಹಾಗಿತ್ತು ಎಂದು ಪ್ಯಾಚ್ ಅವರು ನೂರು ದಾಟಿದ ಮೇಲೆ ಹೇಳಿದರು. ಸಾವೇ ಕೊನೆಯಲ್ಲವೆಂಬ ನಂಬಿಕೆ ತಮಗೆ ಹುಟ್ಟಿದ್ದು ಆ ಗಳಿಗೆಯಲ್ಲಿ ಎಂದೂ ಹೇಳಿದರು. ಅಲ್ಲಿದ್ದುದು ಅರೆ ನಿಮಿಷ. ನೆನಪು ಉಳಿದದ್ದು ತೊಂಬತ್ತೆರಡು ವರ್ಷ.

ಅದೇ ಸುಮಾರಿನ ಇನ್ನೊಂದು ಪ್ರಸಂಗ. ಜರ್ಮನ್ ಸಿಪಾಯಿಯೊಬ್ಬನು ಬಂದೂಕಿನ ತುದಿಗೆ ಬಯೊನೆಟ್ ಸಿಕ್ಕಿಸಿಕೊಂಡು ಇವರ ಕಡೆಗೆ ನೇರವಾಗಿ ಓಡಿಬಂದನು. ಹ್ಯಾರಿಯ ಕೈಯಲ್ಲಿ ಪಿಸ್ತೂಲು. ಮೊದಲ ಗುಂಡು ಭುಜಕ್ಕೆ ತಗುಲಿ ಅವನ ಬಂದೂಕು ಕೆಳಗೆ ಬಿದ್ದಿತು. ಆದರೂ ಅವನು ನಿಲ್ಲಲಿಲ್ಲ, ಬರುತ್ತಲೇ ಇದ್ದನು. ಕೊಲ್ಲುವುದೋ ಬಿಡುವುದೋ ಎಂದು ತೀರ್ಮಾನಿಸಲು ನಾಲ್ಕೈದು ಕ್ಷಣಗಳಿದ್ದವಷ್ಟೆ. ಹ್ಯಾರಿ ಕಾಲಿಗೆ ಗುರಿಯಿಟ್ಟು ಹೊಡೆದು ಅವನನ್ನು ಕೆಡವಿದನು. ಜೀವ ಉಳಿಯಿತು. ಇದನ್ನು ಹೇಳುವಾಗ ಮುದುಕರು ತಮ್ಮ ಕರುಣೆಯನ್ನು ಕೊಂಡಾಡಿಕೊಳ್ಳಲಿಲ್ಲ. ಐದಾರು ವಾರಗಳ ತರುವಾಯ ನನ್ನ ಗೆಳೆಯರು ಸತ್ತರು. ಅದು ಮೊದಲು ನಡೆದು ಆಮೇಲೆ ಆ ಜರ್ಮನ್ ಎದುರಾಗಿದ್ದರೆ ನಾನು ಅವನನ್ನು ಕೊಂದೇಬಿಡುತ್ತಿದ್ದೆ ಎಂಬ ಅಭಿಪ್ರಾಯವನ್ನು ಮರೆಮಾಚದೆ ಸೇರಿಸಿದರು. ಇಂತಹ ಮಾತನ್ನು ಸುಳ್ಳು ಹೇಳುವವರು ಹೇಳುವುದಿಲ್ಲ.

ಸೆಪ್ಟೆಂಬರ್ ೨೨ರ ರಾತ್ರಿ ಬೇರೊಂದು ತುಕಡಿ ಬಂದು ಇವರಿಗೆ ಬಿಡುವು ಕೊಟ್ಟಿತು. ಐವರೂ ಮುಂಚೂಣಿಯಿಂದ ಹಿಂದಕ್ಕೆ, ಬಯಲಿನಲ್ಲಿ, ಒಬ್ಬರ ಹಿಂದೊಬ್ಬರು ಬರುತ್ತಿದ್ದರು. ಅಂದಿನ ಮಟ್ಟಿಗೆ ಅಪಾಯ ಕಳೆಯಿತೆನ್ನುವ ಹೊತ್ತು. ಹತ್ತೂವರೆಗೆ ಒಂದು ಗುಂಡು ಅವರ ನಡುವೆ ಮೇಲ್ಗಡೆ ಸಿಡಿಯಿತು. ಹಿಂದೆ ಗುಂಡಿನ ಡಬ್ಬಿಗಳನ್ನು ಹೊತ್ತು ಬರುತ್ತಿದ್ದ ಮೂವರೂ ಇಲ್ಲವಾದರು. ಸತ್ತರು ಎನ್ನುವುದಕ್ಕಿಂತ ಇಲ್ಲವಾದರು ಎನ್ನುವುದೇ ಸರಿ; ಹೂಳುವುದಕ್ಕೆ ಏನೂ ಉಳಿಯಲಿಲ್ಲ. ಹ್ಯಾರಿಯ ತೊಡೆಸಂದಿಗೆ ಚೂರೊಂದು ಹೊಕ್ಕಿತು. ಮಾರನೆಯ ದಿನ ವೈದ್ಯನು ಅದನ್ನು ಹೊರತೆಗೆದನು. ಅರಿವಳಿಕೆಯ ಮದ್ದು ಮುಗಿದುಹೋಗಿತ್ತು. ನಾಲ್ವರು ಕೈಕಾಲುಗಳನ್ನು ಒತ್ತಿ ಹಿಡಿದರು. ಎರಡು ಅಂಗುಲದ ಆ ಲೋಹದ ತುಂಡನ್ನು ನೆನಪಿಗಾಗಿ ಇಟ್ಟುಕೊಳ್ಳುತ್ತೀಯಾ ಎಂದು ವೈದ್ಯನು ಕೇಳಿದಾಗ, ಇಷ್ಟು ಹೊತ್ತು ಇಟ್ಟುಕೊಂಡದ್ದೇ ಸಾಕು, ಬಿಸಾಡಿ ಎಂದು ಹ್ಯಾರಿ ಹೇಳಿದನಂತೆ.

ಅಲ್ಲಿಗೆ ಅವನ ಯುದ್ಧ ಮುಗಿಯಿತು. ಕ್ರಿಸ್‌ಮಸ್ ಹಬ್ಬಕ್ಕೆ ಎರಡು ದಿನ ಮುಂಚೆ ಇಂಗ್ಲೆಂಡಿಗೆ ಕಳುಹಿಸಿದರು. ೧೯೧೮ರ ನವೆಂಬರ್‌ನಲ್ಲಿ ಕದನವಿರಾಮವಾದಾಗ ವೈಟ್ ದ್ವೀಪದಲ್ಲಿ ಇನ್ನೂ ಚೇತರಿಸಿಕೊಳ್ಳುತ್ತಿದ್ದನು. ಗಾಯ ಮಾಯಿಸಿಕೊಳ್ಳುತ್ತಿದ್ದ ಕಾಲದಲ್ಲಿ ಪರಿಚಯವಾಗಿದ್ದ ಏಡಾ ಎಂಬ ಹುಡುಗಿಯನ್ನು ೧೯೧೯ರಲ್ಲಿ ಮದುವೆಯಾಗಿ, ಊರಿಗೆ ಮರಳಿ, ತನ್ನ ಕೊಳವೆ ತಿರುಪುಗಳ ಕೆಲಸಕ್ಕೆ ಕೈಹಾಕಿದನು.

ಮುಂದಿನದು ಎಂಬತ್ತು ವರ್ಷಗಳ ಕಥೆಯಾದರೂ ಹೇಳುವುದಕ್ಕೆ ಹೆಚ್ಚಿಲ್ಲ. ಬ್ರಿಸ್ಟಲ್ ನಗರದ ವಿಶ್ವವಿದ್ಯಾನಿಲಯಕ್ಕೆ ಸೇರಿದ ವಿಲ್ಸ್ ಸ್ಮಾರಕ ಭವನ ೧೯೨೫ರಲ್ಲಿ ಪ್ರಾರಂಭವಾಯಿತು. ಇನ್ನೂರು ಅಡಿಗೆ ಮಿಕ್ಕ ಗೋಪುರವುಳ್ಳ ಆ ಕಟ್ಟಡದ ಕೊಳಾಯಿ ಕೆಲಸದಲ್ಲಿ ಪ್ಯಾಚ್ ಅವರ ಕೈ ಇದೆ. ಎರಡನೆಯ ಮಹಾಯುದ್ಧ ಬಂದಾಗ ಸೈನ್ಯಕ್ಕೆ ಕರೆಯುವ ವಯಸ್ಸು ಮೀರಿತ್ತು. ಬಾತ್ ನಗರದಲ್ಲಿ ಬಿಡುವೇಳೆಯ ಅಗ್ನಿಶಾಮಕರಾದರು. ೧೯೪೨ರ ಏಪ್ರಿಲ್‌ನಲ್ಲಿ ಜರ್ಮನ್ ವಿಮಾನಗಳು ಆ ಸುಂದರ ನಗರದ ಮೇಲೆ ಬಾಂಬು ಸುರಿದು ನಾನೂರಕ್ಕೂ ಹೆಚ್ಚು ಜನರನ್ನು ಕೊಂದವು. ತಂದೆಯಂತಹ ಕುಶಲಿಗಳು ಕಡೆದ ಕಲ್ಲಿನ ಮನೆಗಳು ಉರಿಯುವುದನ್ನು ಮಗ ನೀರು ಹಾಕಿ ಆರಿಸಿದನು. ೧೯೬೩ರಲ್ಲಿ ಕೆಲಸದಿಂದ ನಿವೃತ್ತಿ. ೧೯೭೬ರಲ್ಲಿ ಹೆಂಡತಿ ತೀರಿಕೊಂಡಳು. ತರುವಾಯ ಮಾಡಿಕೊಂಡ ಎರಡನೆಯ ಹೆಂಡತಿಯೂ ೧೯೮೪ರಲ್ಲಿ ಹೋದಳು. ಇಬ್ಬರು ಮಕ್ಕಳೂ ತಂದೆಗಿಂತ ಮೊದಲೇ ಹೋದರು. ದೀರ್ಘಾಯುಷ್ಯವನ್ನು ನಾವು ಆಶೀರ್ವಾದದಲ್ಲಿ ಸುಲಭವಾಗಿ ಕೊಟ್ಟುಬಿಡುತ್ತೇವೆ. ಅದನ್ನು ಹೊರುವವರ ಭಾರ ಬೇರೆ.

ಈ ಕಾಲದಲ್ಲೆಲ್ಲ ಮಾಜಿ ಸೈನಿಕರ ಕೂಟಗಳಿಗೆ ಅವರು ಹೋದವರಲ್ಲ. ಯುದ್ಧದ ಚಲಚ್ಚಿತ್ರಗಳನ್ನು ನೋಡಿದವರಲ್ಲ. ಮಾತು ಆ ಕಡೆ ತಿರುಗಿದರೆ ಬೇರೆಡೆ ತಿರುಗಿಸುತ್ತಿದ್ದರು.

ಏಕೆ ಎಂದು ಓದುಗರು ಕೇಳಬಹುದು. ಇದು ಪ್ಯಾಚ್ ಒಬ್ಬರ ಸ್ವಭಾವವಷ್ಟೇ ಅಲ್ಲ. ಆ ತಲೆಮಾರಿನ ಬಹುಮಂದಿ ಹೀಗೆಯೇ ಇದ್ದರು. ಮರಳಿ ಬಂದವರಿಗೆ ಕೆಲಸ ಬೇಕಾಗಿತ್ತು. ಮನೆಯವರಿಗೆ ಅವರು ಮೊದಲಿನಂತಾಗಬೇಕಾಗಿತ್ತು. ಕೆಸರಿನಲ್ಲಿ ಕಂಡದ್ದನ್ನು ಊಟದ ಮೇಜಿನ ಬಳಿ ಹೇಳುವ ಬಗೆ ಯಾವುದು? ಹೇಳಿದರೆ ಕೇಳುವವರಾದರೂ ಯಾರು? ನಮ್ಮ ಮೈಸೂರು ಸಂಸ್ಥಾನದ ಲಾನ್ಸರ್ಸ್ ಕುದುರೆ ಸವಾರರು, ಪ್ಯಾಚ್ ಅವರ ಗೆಳೆಯರು ಸತ್ತ ಸರಿಯಾಗಿ ಒಂದು ವರ್ಷ ಒಂದು ದಿನಕ್ಕೆ, ೧೯೧೮ರ ಸೆಪ್ಟೆಂಬರ್ ೨೩ರಂದು, ಜೋಧಪುರದ ಸವಾರರೊಡಗೂಡಿ ಹೈಫಾ ನಗರವನ್ನು ಗೆದ್ದರು. ಮಡಿದವರ ಸ್ಮಾರಕಸ್ತಂಭ ಬೆಂಗಳೂರಿನ ಜೆ. ಸಿ. ನಗರದಲ್ಲಿ ಇಂದಿಗೂ ನಿಂತಿದೆ. ಆ ದಾರಿಯಲ್ಲಿ ದಿನವೂ ಓಡಾಡುವವರಲ್ಲಿ ಅದನ್ನು ನಿಂತು ಓದುವವರು ವಿರಳ. ಕಲ್ಲು ಹೆಸರನ್ನು ಹೇಳುತ್ತದೆ. ಬದುಕಿ ಬಂದ ಸವಾರನು ರಾತ್ರಿ ಯಾವ ಸದ್ದಿಗೆ ಬೆಚ್ಚಿ ಏಳುತ್ತಿದ್ದನೆಂಬುದನ್ನು ಹೇಳುವುದಿಲ್ಲ. ಅದನ್ನು ಅವನೇ ಹೇಳಬೇಕು. ಯಾರಾದರೂ ಸಕಾಲದಲ್ಲಿ ಹೋಗಿ ಕೇಳಬೇಕು.

ಪ್ಯಾಚ್ ಅವರ ಬಳಿಗೆ ಆ ಜನ ಬಂದದ್ದು ೧೯೯೮ರಲ್ಲಿ. ಕದನವಿರಾಮವಾಗಿ ಎಂಬತ್ತು ವರ್ಷ ತುಂಬಿದ ಸಂದರ್ಭ. ಬದುಕಿ ಉಳಿದಿರುವ ಸಿಪಾಯಿಗಳನ್ನು ಹುಡುಕಿ ಮಾತನಾಡಿಸುತ್ತಿದ್ದ ಬಿ.ಬಿ.ಸಿ.ಯವರು ವೆಲ್ಸ್ ಊರಿಗೂ ಬಂದರು. ಮುದುಕರಿಗೆ ಆಗ ತಾನೇ ನೂರು ತುಂಬಿತ್ತು. ಅವರು ಮೊದಲು ಒಪ್ಪಲಿಲ್ಲ. ಆದರೆ ಜೊತೆಯವರು ಒಬ್ಬೊಬ್ಬರಾಗಿ ಕಳಚಿಕೊಳ್ಳುತ್ತಿದ್ದರು. ಮೈಯೇ ಸಿಗದೆ ಹೋದ ಆ ಮೂವರು ಗೆಳೆಯರು ಜಗತ್ತಿನಲ್ಲಿ ಉಳಿದಿದ್ದುದು ಒಂದೇ ಕಡೆ, ಈ ಮುದುಕರ ತಲೆಯಲ್ಲಿ. ಈ ತಲೆ ಮಣ್ಣಾದರೆ ಅವರು ಎರಡನೆಯ ಸಲ ಇಲ್ಲವಾಗುತ್ತಿದ್ದರು. ಪ್ಯಾಚ್ ಬಾಯಿ ತೆರೆದರು.

ಒಮ್ಮೆ ತೆರೆದ ಮೇಲೆ ಹನ್ನೊಂದು ವರ್ಷ ಮಾತನಾಡಿದರು. ಆದರೆ ಎಲ್ಲಿಯೂ ಯುದ್ಧದ ವ್ಯೂಹ, ಸೇನಾಪತಿಗಳ ತಂತ್ರ ಇವುಗಳ ಗೋಜಿಗೆ ಹೋದವರಲ್ಲ. ಸೀಳಿಹೋದ ಆ ಒಬ್ಬ ಸಿಪಾಯಿ, ಕಾಲಿಗೆ ಗುಂಡು ತಿಂದ ಆ ಒಬ್ಬ ಜರ್ಮನ್, ಡಬ್ಬಿ ಹೊತ್ತ ಆ ಮೂವರು—ಇಷ್ಟೇ ಅವರ ಯುದ್ಧಚರಿತ್ರೆ. ಆ ಮೂವರ ಪ್ರಸ್ತಾಪ ಬಂದಾಗ ಗಂಟಲು ಕಟ್ಟುತ್ತಿತ್ತು. ನೂರಹತ್ತು ವರ್ಷದ ಕಣ್ಣಿನಲ್ಲಿ ನೀರು ಬರುತ್ತಿತ್ತು. ಪ್ರತಿವರ್ಷ ನವೆಂಬರ್ ೧೧ರಂದು ನಡೆಯುವ ಸ್ಮರಣೆಯ ದಿನದ ಮೆರವಣಿಗೆಗಳ ವಿಷಯದಲ್ಲಿ ಅವರಿಗೆ ಹೆಚ್ಚಿನ ಆದರವಿರಲಿಲ್ಲ. ಅದು ನಾಟಕದವರ ವ್ಯವಹಾರವೆಂಬ ಅರ್ಥದಲ್ಲಿ ಬರೆದರು. ಅವರ ಸ್ಮರಣೆಯ ದಿನ ಸೆಪ್ಟೆಂಬರ್ ೨೨. ಯುದ್ಧಕ್ಕೆ ಕಳುಹಿಸುವ ರಾಜಕಾರಣಿಗಳ ಕೈಗೇ ಬಂದೂಕು ಕೊಟ್ಟು, ನಿಮ್ಮ ಜಗಳವನ್ನು ನೀವೇ ತೀರಿಸಿಕೊಳ್ಳಿ ಎನ್ನಬೇಕಾಗಿತ್ತೆಂದೂ ಹೇಳಿದರು. ನೂರು ವರ್ಷ ದಾಟಿದವರಿಗೆ ದಾಕ್ಷಿಣ್ಯದ ಹಂಗಿಲ್ಲ.

೨೦೦೪ರಲ್ಲಿ ಒಂದು ಭೇಟಿ ಏರ್ಪಟ್ಟಿತು. ಶಾರ್ಲ್ ಕುಂಟ್ಸ್ ಎಂಬವರು ಆಲ್ಸೇಸ್ ಪ್ರಾಂತದವರು. ಆಗ ಅವರಿಗೆ ೧೦೭ ವರ್ಷ. ಅವರು ಹುಟ್ಟಿದಾಗ ಆಲ್ಸೇಸ್ ಜರ್ಮನಿಗೆ ಸೇರಿತ್ತಾದ್ದರಿಂದ ಪ್ಯಾಷನ್‌ಡೇಲ್ ಕದನದಲ್ಲಿ ಅವರು ಜರ್ಮನ್ ಸಿಪಾಯಿಯಾಗಿ ಎದುರು ಪಕ್ಷದಲ್ಲಿದ್ದರು. ಆ ಯುದ್ಧ ಮುಗಿದಾಗ ಪ್ರಾಂತ ಫ್ರಾನ್ಸ್ ದೇಶದ ಪಾಲಾಗಿ ಅವರು ಫ್ರೆಂಚರಾದರು. ಎರಡನೆಯ ಯುದ್ಧದಲ್ಲಿ ಪ್ರಾಂತವನ್ನು ಮತ್ತೆ ಜರ್ಮನರು ಹಿಡಿದು, ಅವರ ಮಗನನ್ನು ತಮ್ಮ ಸೈನ್ಯಕ್ಕೆ ಎಳೆದರು. ೧೯೪೪ರಲ್ಲಿ ಅವನು ನಾರ್ಮಂಡಿಯಲ್ಲಿ ಸತ್ತನು. ಒಬ್ಬ ಮನುಷ್ಯನ ಆಯುಷ್ಯದಲ್ಲಿ ದೇಶವೆಂಬುದು ಎಷ್ಟು ಸಲ ಬದಲಾಯಿಸಿತು ನೋಡಿ! ಇಂತಹವರನ್ನು ಭೇಟಿಯಾಗಲು ಪ್ಯಾಚ್ ಅವರಿಗೆ ಮೊದಲು ಮನಸ್ಸಿರಲಿಲ್ಲ. ಗೆಳೆಯರನ್ನು ಕೊಂದ ಗುಂಡು ಯಾವ ಕಡೆಯಿಂದ ಬಂದಿತೆಂಬುದನ್ನು ಅವರು ಮರೆತಿರಲಿಲ್ಲ. ಕೊನೆಗೆ ಒಪ್ಪಿ ಹೋದರು. ಕುಂಟ್ಸ್ ತಮ್ಮ ಸೀಮೆಯ ಬಿಸ್ಕತ್ತುಗಳ ಒಂದು ಡಬ್ಬಿ ತಂದಿದ್ದರು. ಪ್ಯಾಚ್ ತಮ್ಮ ಸಾಮರ್ಸೆಟ್ ಸೀಮೆಯ ಸೇಬಿನ ಮದ್ಯದ ಒಂದು ಸೀಸೆ ಒಯ್ದಿದ್ದರು. ಬಂಧುಗಳ ಮನೆಗೆ ಬರಿಗೈಯಲ್ಲಿ ಹೋಗಬಾರದೆಂಬ ಪದ್ಧತಿ ಎಲ್ಲ ದೇಶಗಳಲ್ಲಿಯೂ ಇದೆಯೆಂದು ಕಾಣುತ್ತದೆ. ಮರುವರ್ಷ ಕುಂಟ್ಸ್ ತೀರಿಕೊಂಡರು.

೨೦೦೭ರಲ್ಲಿ, ನೂರ ಒಂಬತ್ತನೆಯ ವಯಸ್ಸಿನಲ್ಲಿ, ಚರಿತ್ರೆಕಾರ ರಿಚರ್ಡ್ ವಾನ್ ಎಮ್ಡನ್ ಅವರ ನೆರವಿನಿಂದ ಪ್ಯಾಚ್ ಅವರ ಆತ್ಮಕಥೆ ಹೊರಬಂದಿತು. ಅದರಿಂದ ಬಂದ ಹಣವನ್ನು ಸಮುದ್ರದಲ್ಲಿ ಅಪಾಯಕ್ಕೆ ಸಿಕ್ಕಿದವರನ್ನು ರಕ್ಷಿಸುವ ದೋಣಿಯೊಂದಕ್ಕೆ ಕೊಟ್ಟರು. ದೋಣಿಗೆ ‘ಡೋರಿಸ್ ಮತ್ತು ಹ್ಯಾರಿ’ ಎಂದು ಹೆಸರು. ಡೋರಿಸ್ ಎಂಬುವರು ವೃದ್ಧಾಶ್ರಮದಲ್ಲಿ ಅವರ ಕೊನೆಗಾಲದ ಸಂಗಾತಿ. ಮರುವರ್ಷದ ಸೆಪ್ಟೆಂಬರ್‌ನಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು ಮತ್ತೊಮ್ಮೆ ಬೆಲ್ಜಿಯಮ್ ದೇಶಕ್ಕೆ ಹೋಗಿ, ೧೯೧೭ರಲ್ಲಿ ತಾವು ದಾಟಿದ್ದ ಆ ಸ್ಟೀನ್‌ಬೇಕ್ ಹಳ್ಳದ ದಡದಲ್ಲಿ ಸ್ಮಾರಕದ ಕಲ್ಲೊಂದನ್ನು ತೆರೆದರು. ಆ ಪ್ರದೇಶದಲ್ಲಿ ಆಗಸ್ಟ್ ೧೬ರಿಂದ ಮುಂದಕ್ಕೆ ಸತ್ತು, ಗೋರಿಯೇ ಇಲ್ಲದೆ ಹೋದ ಬ್ರಿಟಿಷ್ ಸಿಪಾಯಿಗಳ ಹೆಸರುಗಳನ್ನು ಟೈನ್ ಕಾಟ್ ಎಂಬಲ್ಲಿನ ಗೋಡೆಯ ಮೇಲೆ ಕೆತ್ತಿದ್ದಾರೆ. ಮೂವತ್ತು ಸಾವಿರಕ್ಕೂ ಮೇಲ್ಪಟ್ಟ ಹೆಸರುಗಳು. ನಮ್ಮ ಕಲ್ಲುಕುಟಿಗನ ಮಗನಿಗೆ ಆ ಕೆಲಸದ ಶ್ರಮ ಗೊತ್ತಿದ್ದೀತು.

ಕೊನೆಯ ವರ್ಷಗಳಲ್ಲಿ ಮಾನಸನ್ಮಾನಗಳು ಬೇಡವೆಂದರೂ ಬಂದವು. ಆಸ್ಥಾನಕವಿ ಅವರ ಮೇಲೆ ಕವಿತೆ ಬರೆದರು. ಬೆಲ್ಜಿಯಮ್ ದೇಶದ ದೊರೆ ಬಿರುದು ಕೊಟ್ಟನು. ಫ್ರಾನ್ಸ್ ತನ್ನ ಅತ್ಯುಚ್ಚ ಪದಕವನ್ನು ೧೯೯೯ರಲ್ಲಿಯೇ ಕೊಟ್ಟು, ೨೦೦೯ರಲ್ಲಿ ಇನ್ನೊಂದು ಮೆಟ್ಟಿಲು ಏರಿಸಿತು. ಆಗ ಅವರು ಮೆಚ್ಚಿ ಹೇಳಿದ ಮಾತು ಪದಕದ ವಿಷಯವಾಗಿರಲಿಲ್ಲ. ಮಡಿದವರು ಯಾವ ಸಮವಸ್ತ್ರ ತೊಟ್ಟಿದ್ದರೆಂದು ನೋಡದೆ ಎಲ್ಲರನ್ನೂ ಗೌರವಿಸುವ ಫ್ರೆಂಚ್ ಜನರ ರೀತಿಯ ವಿಷಯವಾಗಿತ್ತು.

೨೦೦೮ರ ನವೆಂಬರ್ ೧೧ರಂದು, ಕದನವಿರಾಮದ ತೊಂಬತ್ತನೆಯ ವರ್ಷ, ಲಂಡನ್ನಿನ ಸ್ಮಾರಕದ ಮುಂದೆ ಮೂವರು ಮುದುಕರನ್ನು ಗಾಲಿಕುರ್ಚಿಗಳಲ್ಲಿ ಕರೆತಂದರು. ವಿಮಾನಪಡೆಯ ಪರವಾಗಿ ೧೧೨ ವರ್ಷದ ಹೆನ್ರಿ ಆಲಿಂಗ್‌ಹ್ಯಾಮ್, ನೌಕಾಪಡೆಯ ಪರವಾಗಿ ೧೦೮ ವರ್ಷದ ಬಿಲ್ ಸ್ಟೋನ್, ಕಾಲ್ದಳದ ಪರವಾಗಿ ೧೧೦ ವರ್ಷದ ಪ್ಯಾಚ್. ಎರಡು ತಿಂಗಳಲ್ಲಿ ಸ್ಟೋನ್ ಹೋದರು. ೨೦೦೯ರ ಜುಲೈ ೧೮ರಂದು ಆಲಿಂಗ್‌ಹ್ಯಾಮ್ ಹೋದರು. ಒಂದು ವಾರ ಕಾಲ ಪ್ಯಾಚ್ ಬ್ರಿಟನ್ನಿನ ಗಂಡಸರಲ್ಲೆಲ್ಲ ಹಿರಿಯರಾಗಿದ್ದರು.

ಆಗಸ್ಟ್ ೬ರಂದು ವೆಲ್ಸ್ ಕೆಥೆಡ್ರಲಿನಲ್ಲಿ ಅಂತ್ಯಕ್ರಿಯೆ. ಗಂಟೆಯನ್ನು ನೂರ ಹನ್ನೊಂದು ಬಾರಿ ಬಾರಿಸಿದರು. ಬೀದಿಗಳಲ್ಲಿ ಸಾವಿರಾರು ಜನ ಸೇರಿದ್ದರು. ತಮ್ಮ ಅಂತ್ಯಕ್ರಿಯೆ ಹೇಗಿರಬೇಕೆಂದು ಮುದುಕರು ಮೊದಲೇ ತಿಳಿಸಿದ್ದರು. ಸಿಪಾಯಿಗಳು ಬರಬಹುದು, ಆಯುಧ ಬರಕೂಡದು. ಗೌರವಕ್ಕೆ ಹಿಡಿಯುವ ಕತ್ತಿ ಬಂದೂಕುಗಳು ಕೂಡ ಬೇಡ. ಅವರ ಹಳೆಯ ದಳದ ವಾರಸುದಾರರಾದ ಆರು ಮಂದಿ ತರುಣ ಸಿಪಾಯಿಗಳು ಬರಿಗೈಯಲ್ಲಿ ಬಂದು ಶವಪೆಟ್ಟಿಗೆಗೆ ಹೆಗಲು ಕೊಟ್ಟರು. ಪಕ್ಕದಲ್ಲಿ ಬೆಲ್ಜಿಯಮ್ ದೇಶದ ಇಬ್ಬರು, ಫ್ರಾನ್ಸ್ ದೇಶದ ಇಬ್ಬರು, ಜರ್ಮನಿಯ ಇಬ್ಬರು ಸಿಪಾಯಿಗಳು ನಡೆದರು. ಒಳಗೆ ಬೈಬಲ್ಲಿನ ಪಾಠವನ್ನು ಓದಿದವರು ಜರ್ಮನ್ ರಾಯಭಾರ ಕಚೇರಿಯ ಅಧಿಕಾರಿಯೊಬ್ಬರು.

ಆಮೇಲೆ ಮೆರವಣಿಗೆ, ಜನಸಂದಣಿ, ಪತ್ರಿಕೆಯವರು ಎಲ್ಲರನ್ನೂ ಹಿಂದೆ ಬಿಟ್ಟು, ಹುಟ್ಟೂರಿನ ಮಗ್ಗುಲಲ್ಲಿರುವ ಮಾಂಕ್ಟನ್ ಕೂಮ್ ಎಂಬ ಹಳ್ಳಿಯ ಇಗರ್ಜಿಯ ಅಂಗಳಕ್ಕೆ ಕೊಂಡೊಯ್ದು, ತಂದೆತಾಯಿಯರ ಮತ್ತು ಅಣ್ಣನ ಗೋರಿಗಳ ಹತ್ತಿರದಲ್ಲಿ ಅವರನ್ನು ಮಣ್ಣುಮಾಡಿದರು.